ಗಂಟೆ ಸರಿ, ಮಾತು ಬರೀ ಸುಯ್

ಮಾರ್ಚ್ 3

ಗಡಿಬಿಡಿ,

ಕೈಬರಹ ನೋಡಿಯೇ ಗುರುತು ಹಿಡಿದಿರುತ್ತೀಯ. ಲಕೋಟೆ ಒಡೆಯುವ ಅವಸರದಲ್ಲಿ ಒಳಗಿನ ಕಾಗದವನ್ನೂ ಅರ್ಧ ಹರಿದಿರುತ್ತೀಯ. ಅಂಟಿಸಿಕೊಂಡು ಓದು.

ಇಷ್ಟು ವರ್ಷ ಬರೆಯದೇ ಇದ್ದವಳು ಈಗ ಬರೆಯುತ್ತಿರುವುದು ಕೆಲಸ ಇರುವುದರಿಂದ. ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಮಾತಿನ ಮಷೀನು ಹೋಗಿಬಿಟ್ಟಿತು. ಗಂಟಲಿನ ಆಪರೇಷನ್ನಿಗೆ ಮುಂಚೆ ನೀನು ನನ್ನನ್ನು ನಾಟಕದ ಉಡುಪುಗಳ ಕೋಣೆಯಲ್ಲಿ, ನೇತುಹಾಕಿದ ಕೋಟುಗಳ ನಡುವೆ ಕೂರಿಸಿ, ಪದ ಪದವಾಗಿ ನನ್ನ ದನಿ ತುಂಬಿಸಿದ್ದೆಯಲ್ಲ, ಅದೇ ಮಷೀನು. ಹಿಡಿಕೆ ಹಿಡಿದರೆ ಹೊಲಿಗೆ ಯಂತ್ರದಷ್ಟು ಭಾರ. ಒಂದು ತಿಂಗಳಿಂದ ಕೆಮ್ಮುತ್ತಿತ್ತು, ಹೋದ ವಾರ ನಿಂತೇ ಹೋಯಿತು. ಒಳಗಿನ ಡಿಸ್ಕ್ ಮಾತ್ರ ಚೆನ್ನಾಗಿದೆ ಅಂತ ರಿಪೇರಿಯವನು ಹೇಳಿದ. ಅದನ್ನು ಹಾಕಲು ಅಂಥ ಇನ್ನೊಂದು ಮಷೀನು ಮಾತ್ರ ಎಲ್ಲೂ ಸಿಗುವುದಿಲ್ಲವಂತೆ.

ನನ್ನೊಬ್ಬಳದೇ ಆಗಿದ್ದರೆ ಚೀಟಿ ಬರೆದು ಕಾಲ ಹಾಕುತ್ತಿದ್ದೆ. ಈಗ ಅಮ್ಮ ನನ್ನ ಜೊತೆಗಿದ್ದಾಳೆ. ಅವಳ ಎರಡೂ ಕಣ್ಣು ಹೋಗಿವೆ. ಅವಳಿಗೆ ಬರೆದು ತೋರಿಸುವ ಹಾಗಿಲ್ಲ, ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಆ ಮಷೀನೊಂದೇ ನಮ್ಮಿಬ್ಬರ ನಡುವೆ ಇದ್ದದ್ದು.

ರಿಪೇರಿಯವನು ಪಾಪ ಒಳ್ಳೆಯವನು, ತಾನೇ ತಾನಾಗಿ ಓದಿ ಹೇಳುವ ಫೋನೊಂದನ್ನು ಕೊಟ್ಟು ಕಳಿಸಿದ. ಅದರಲ್ಲಿ "ಅಮ್ಮ, ಕಾಫಿ ಬೇಕಾ?" ಅಂತ ಟೈಪ್ ಮಾಡಿದೆ. ಅಮ್ಮ ಎದ್ದು ಕೂತು, "ಯಾರೇ ಅದು? ಆ ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಕೂಗೋ ಹೆಂಗಸನ್ನ ಯಾಕೆ ಮನೆಗೆ ಕರ್ಕೊಂಡ್ ಬಂದೆ?" ಅಂದಳು. ನಾನೇ ಅಂತ ಎಷ್ಟು ಸಲ ಟೈಪ್ ಮಾಡಿ ಹೇಳಿದರೂ ಅಷ್ಟೇ. ಹೇಳುತ್ತಿದ್ದದ್ದು ಅದೇ ಹೆಂಗಸಲ್ಲವೇ! ಮಾರನೇ ದಿನ ಮಾತ್ರೆ ನುಂಗು ಅಂದರೆ, "ಮನೆಯವರು ಹೇಳ್ಲಿ, ನುಂಗ್ತೀನಿ" ಅಂತ ತುಟಿ ಬಿಗಿದುಕೊಂಡಳು.

ಹಳೆಯ ಮಷೀನುಗಳನ್ನು ಹೊಸದರೊಳಗೆ ಬದುಕಿಸುವುದೇ ನಿನ್ನ ಕೆಲಸ ಅಂತ ನಿನ್ನ ಅಕ್ಕ ಹೇಳಿದಳು. ವಿಳಾಸ ಕೊಟ್ಟವಳೂ ಅವಳೇ. ಆಗುತ್ತದೋ ಇಲ್ಲವೋ, ಅಷ್ಟು ಬರೆ. ಹಳೆಯದನ್ನು ಕೆದಕಬೇಡ. ಫೋನ್ ಮಾಡಬೇಡ. ಎತ್ತಿಕೊಂಡು ನಾನು ಏನು ಮಾಡಲಿ?

— ಪಿಸು

&nbsp;

ಮಾರ್ಚ್ 11

ಪಿಸು, ನನ್ನ ಪಿಸೂ,

ಕಾಗದ ಹರಿದದ್ದು ನಿಜ. "ಕೆಮ್ಮುತ್ತಿತ್ತು" ಅನ್ನುವಲ್ಲಿಗೆ ಸರಿಯಾಗಿ. ಮೊದಲ ಅರ್ಧದಲ್ಲಿ ನೀನೇ ಕೆಮ್ಮುತ್ತಿದ್ದೀಯ ಅಂದುಕೊಂಡು ಇನ್ನರ್ಧಕ್ಕೆ ಮೇಜಿನ ಕೆಳಗೆಲ್ಲ ಹುಡುಕಾಡಿದೆ.

ಆಗುತ್ತೆ! ಆಗದೇ ಏನು? ನಾನು ಹೊಟ್ಟೆ ಹೊರೆಯುವುದೇ ಇದರಿಂದ. ನಮ್ಮ ಆಫೀಸಿನಲ್ಲಿ ಎಮ್ಯುಲೇಟರ್ ಅನ್ನುವ ಪ್ರೋಗ್ರಾಮು ಬರೆಯುತ್ತೇವೆ. ಹೊಸ ಕಂಪ್ಯೂಟರ್ ಹಳೆಯದರ ವೇಷ ಹಾಕುತ್ತದೆ, ನಿಮ್ಮ ನಟರ ಹಾಗೆಯೇ. ಹಳೆಯ ಡಿಸ್ಕಿನಲ್ಲಿರುವುದೆಲ್ಲ ತಾನು ಇನ್ನೂ ತನ್ನ ಮನೆಯಲ್ಲೇ ಇದ್ದೇನೆ ಅಂತ ನಂಬಿಕೊಂಡು ಕೆಲಸ ಮಾಡುತ್ತದೆ. ಒಳಗೆ ಬಂದಿರುವ ಹಳೆಯ ಮಷೀನಿಗೆ ನಾವು ಅತಿಥಿ ಅನ್ನುತ್ತೇವೆ. ಅದಕ್ಕೆ ಬೇಕಾದ ಕೀಲಿಮಣೆ, ಡಿಸ್ಕ್, ಸ್ಪೀಕರ್ ಎಲ್ಲವನ್ನೂ ಸುಳ್ಳುಸುಳ್ಳೇ ಮಾಡಿ ಇಡುತ್ತೇವೆ. ಅವು ವರ್ಚುವಲ್ ಸಾಧನಗಳು. ನನ್ನ ಪಾಲಿಗೆ ಬಂದಿರುವುದು ಅವೇ.

ತೊಂದರೆ ಬರುವುದಾದರೆ ಒಂದೇ ಕಡೆ. ನೋಡು, ನೀನು ಲಕೋಟೆಯ ಮೇಲೆ ಮನೆ ನಂಬರ್ ಮೊದಲು ಬರೆದು ಊರನ್ನು ಕೊನೆಗೆ ಬರೆದಿದ್ದೀಯ. ಊರು ಮೊದಲು, ಮನೆ ಕೊನೆಗೆ ಬರೆಯುವ ಜನರೂ ಇದ್ದಾರೆ. ಎರಡೂ ಸರಿಯೇ, ಅಂಚೆಯವನಿಗೆ ಯಾವ ಕ್ರಮ ಅಂತ ಗೊತ್ತಿದ್ದರೆ ಆಯಿತು. ಕಂಪ್ಯೂಟರುಗಳೂ ಹಾಗೇ. ದೊಡ್ಡ ಸಂಖ್ಯೆಯನ್ನು ತುಂಡು ಮಾಡಿ ಇಡುವಾಗ ಕೆಲವು ಭಾರದ, ಅಂದರೆ ಹೆಚ್ಚು ಬೆಲೆಯ ತುಂಡನ್ನು ಮೊದಲು ಇಡುತ್ತವೆ, ಕೆಲವು ಹಗುರದ್ದನ್ನು. ಆ ತುಂಡಿಗೆ ಬೈಟ್ ಅಂತ ಹೆಸರು. ನಿನ್ನ ಮಾತಿನ ಪ್ರೋಗ್ರಾಮು ಭಾರದ್ದನ್ನು ಮೊದಲು ಇಡುವ ಹಳೆಯ ಕಾಲದ್ದು. ಈಗಿನವು ಹಗುರದ್ದು ಮೊದಲು. ಅದಲು ಬದಲಾದರೆ ನೂರ ಎರಡನ್ನು ಇನ್ನೂರ ಒಂದು ಅಂತ ಓದಿದ ಹಾಗೆ.

ಡಿಸ್ಕನ್ನು ಹತ್ತಿಯಲ್ಲಿ ಸುತ್ತಿ ಇವತ್ತೇ ಕಳಿಸು. ನಿನಗೆ ಪ್ಯಾಕ್ ಮಾಡಲು ಬರುವುದಿಲ್ಲ, ರಿಪೇರಿಯವನಿಗೇ ಹೇಳು. ಕೊರಿಯರಿನವರ ಜೊತೆ ನಾನೇ ಮಾತಾಡುತ್ತೇನೆ. ಅಮ್ಮನಿಗೆ ಒಂದು ತಿಂಗಳೊಳಗೆ ಆಗುತ್ತದೆ ಅಂತ ಹೇಳಿಬಿಡು. ಹೇಗೆ ಹೇಳುತ್ತೀಯ ಅಂತ ಈಗ ಹೊಳೆಯಿತು. ಕ್ಷಮಿಸು.

ನಿನ್ನ,
ಗಡಿಬಿಡಿ

&nbsp;

ಏಪ್ರಿಲ್ 2

ಗಡಿಬಿಡಿ,

ಡಿಸ್ಕನ್ನು ನಾನೇ ಪ್ಯಾಕ್ ಮಾಡಿದೆ. ನಾಟಕದ ರಾಣಿಯ ಕಿರೀಟಗಳನ್ನು ಊರೂರಿಗೆ ಕಟ್ಟಿ ಕಳಿಸುವವಳು ನಾನು. ಒಂದು ಮಣಿ ಉದುರಿದ್ದಿಲ್ಲ.

ನಿನ್ನ ಲಕೋಟೆಯ ಲೆಕ್ಕ ಅರ್ಥವಾಯಿತು.

ಇಲ್ಲಿ ನಾವು ಮಂಚ ತಟ್ಟುವ ಭಾಷೆ ಕಲಿತಿದ್ದೇವೆ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಮೂರು ತಟ್ಟಿದರೆ ಊಟ. ಅಮ್ಮ ಇಡೀ ದಿನ ಪ್ರಶ್ನೆ ಕೇಳುತ್ತಾಳೆ, ನಾನು ತಟ್ಟುತ್ತೇನೆ. ಆದರೆ ಹೌದು, ಇಲ್ಲ, ಊಟ, ಇಷ್ಟರಲ್ಲಿ ಮನುಷ್ಯರು ಎಷ್ಟು ಹೊತ್ತು ಬದುಕುವುದು? ನಿನ್ನೆ ಮಧ್ಯಾಹ್ನ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. "ನನ್ ಮೇಲೆ ಕೋಪ ಇದ್ರೆ ಬೈದುಬಿಡೇ, ಹಿಂಗೆ ಸುಮ್ನಿರ್ಬೇಡ" ಅಂದಳು. ಎರಡು ತಟ್ಟಿದೆ. "ಕೋಪ ಇಲ್ವೋ, ಬೈಯಲ್ವೋ?" ಅಂದಳು. ಅದಕ್ಕೆ ಎಷ್ಟು ತಟ್ಟಬೇಕು ಅಂತ ತಿಳಿಯಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

ಬೇಗ ಮಾಡು. ನಿನಗೆ ಅವಸರ ಮಾಡು ಅಂತ ನಾನು ಹೇಳುವ ಕಾಲವೂ ಬಂತು.

— ಪಿಸು

&nbsp;

ಏಪ್ರಿಲ್ 20

ಪಿಸು,

ನೀನು ಮಾತಾಡಿದೆ!

ಮೊದಲಿನಿಂದ ಹೇಳುತ್ತೇನೆ. ಸ್ಪೀಕರ್ ಇನ್ನೂ ಜೋಡಿಸದೇ ನಿನ್ನ ಅತಿಥಿಯನ್ನು ಒಮ್ಮೆ ಎಬ್ಬಿಸಿದೆ. ಎದ್ದಿತು. ಆ ಸ್ಥಿತಿಯಲ್ಲೇ ಅದನ್ನು ಹಿಡಿದು ಉಳಿಸಿಕೊಂಡೆ. ಎದ್ದು ಕೂರಲು ಅದು ತೆಗೆದುಕೊಳ್ಳುವ ಹೊತ್ತಿನಲ್ಲಿ ನನ್ನ ಪ್ರಾಣ ಹೋಗುತ್ತದೆ. ಹೀಗೆ ಉಳಿಸಿಕೊಂಡರೆ ಪ್ರತಿಸಲ ಅಲ್ಲಿಂದಲೇ ಮುಂದುವರಿಸಬಹುದು.

ಆಮೇಲೆ ಹೊಸ ಬಗೆಯ ಸ್ಪೀಕರ್ ಸಾಧನ ಕೊಟ್ಟೆ. ಬಾಯಿ ತೆರೆದರೆ ಬರೀ ಸುಯ್ ಅನ್ನುವ ಸದ್ದು. ಯಾಕೆಂದರೆ ಹೊಸ ಬಗೆಯವು ಬಾಗಿಲಿಗೆ ಬೋರ್ಡು ಹಾಕಿಕೊಂಡು ಕೂತಿರುತ್ತವೆ: ಯಾರೇ ಬರಲಿ, ಇಲ್ಲಿ ಹಗುರದ ತುಂಡು ಮೊದಲು. ಬೇರೆ ಕ್ರಮದವರು ಒಳಗೆ ಕೊಡುವ ಮುಂಚೆ ತಾವೇ ತಿರುಗಿಸಿ ಕೊಡಬೇಕು. ಈಗಿನ ಅತಿಥಿಗಳು ಬೋರ್ಡು ಓದುತ್ತಾರೆ. ನಿನ್ನ ಪ್ರೋಗ್ರಾಮು ಬೋರ್ಡಿನ ಪದ್ಧತಿ ಬರುವುದಕ್ಕೂ ಮುಂಚಿನದು. ಅದಕ್ಕೆ ಕಲಿಸೋಣ ಅಂದರೆ ಬರೆದವರು ಯಾರೂ ಉಳಿದಿಲ್ಲ.

ಅದಕ್ಕೇ ಹಳೆಯ ಬಗೆಯ ಸಾಧನ ಕೊಟ್ಟೆ. ಅದಕ್ಕೆ ಬೋರ್ಡಿಲ್ಲ. ಅತಿಥಿ ಯಾವ ಕ್ರಮದಲ್ಲಿ ಮಾತಾಡುತ್ತಾನೋ ಅದೇ ಕ್ರಮಕ್ಕೆ ತಾನು ಹೊಂದಿಕೊಳ್ಳುತ್ತದೆ, "ನಿಮ್ಮದು ಯಾವ ಕಡೆಯಿಂದ ಸ್ವಾಮಿ?" ಅಂತ ಕೇಳಿಕೊಂಡು. ಕೇಳುವ ಆ ಭಾಗವನ್ನು ನಾನೇ ಬರೆದೆ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಹೊಸ ಬಗೆಯೇ ಇಷ್ಟ. ಒಂದೇ ನಿಯಮ, ತಲೆನೋವಿಲ್ಲ. ಆದರೆ ಹಳೆಯ ಅತಿಥಿ ಬಂದಾಗ ನಾವೇ ಬಗ್ಗಬೇಕಲ್ಲ.

ಕೀಲಿ ಒತ್ತಿದೆ. "ಮುಚ್ಚು ಬಾಯಿ" ಅಂತು ನಿನ್ನ ದನಿ! ಬೈಗುಳ ರೆಕಾರ್ಡ್ ಮಾಡಲೇಬೇಕು ಅಂತ ನೀನು ಹಠ ಹಿಡಿದಿದ್ದು ನೆನಪಾಯಿತು. ಹಿಂದುಗಡೆ ಕೋಟಿನ ಗುಂಡಿಯೊಂದು ಟಿಕ್ ಅನ್ನುವುದೂ ಕೇಳಿಸುತ್ತದೆ. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪಕ್ಕದ ಮೇಜಿನವರು ಡಿಸ್ಕ್ ಹಾಳಾಯಿತು ಅಂದುಕೊಂಡು ಸಮಾಧಾನ ಮಾಡಿದರು.

ಅಂಗೈಯಷ್ಟು ಡಬ್ಬಿಯಲ್ಲಿ ಎಲ್ಲ ತುಂಬಿ ಕಳಿಸುತ್ತಿದ್ದೇನೆ. ಕೀಲಿಮಣೆ ಸಿಕ್ಕಿಸು, ಸ್ವಿಚ್ ಹಾಕು, ಅಷ್ಟೇ. ಅಮ್ಮನ ಮುಖ ಹೇಗಾಯಿತು ಅಂತ ಬರೆ. ಅಳುತ್ತಾಳೆ, ನನಗೆ ಗೊತ್ತು.

ನಿನ್ನ,
ಗಡಿಬಿಡಿ

&nbsp;

ಮೇ 6

ಗಡಿಬಿಡಿ,

ಅಮ್ಮನಿಗೆ ತಲೆ ಬಾಚಿ, ಒಗೆದ ಸೀರೆ ಉಡಿಸಿ, ಮಂಚದ ತುದಿಗೆ ಕೂರಿಸಿದೆ. ಡಬ್ಬಿಯನ್ನು ಅವಳ ತೊಡೆಯ ಮೇಲೆ ಇಟ್ಟು ಸ್ವಿಚ್ ಹಾಕಿದೆ. ಟಿಣ್ ಟಿಣ್ ಅಂತ ಗಂಟೆ ಬಂತು, ಅದೇ ಹಳೆಯ ಗಂಟೆ. ಅಮ್ಮ ಎರಡೂ ಕೈ ಎತ್ತಿ, "ಬಂದ್ಯಾ!" ಅಂದಳು.

"ಅಮ್ಮ" ಅಂತ ಒತ್ತಿದೆ. ಸುಯ್ ಅಂತು. ಮತ್ತೆ ಒತ್ತಿದೆ. ಸುಯ್.

ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟಳು. "ಹೊರಗೆ ಮಳೆ ಬರ್ತಿದೆ ಅಂತ ಕಾಣುತ್ತೆ, ಒಣಗ್ಹಾಕಿದ ಬಟ್ಟೆ ತೆಗಿಯೇ" ಅಂದಳು.

ಬಿಸಿಲು ಸುಡುತ್ತಿತ್ತು. ನಾನು ಹೊರಗೆ ಹೋಗಿ ಬಟ್ಟೆ ತೆಗೆದೆ.

— ಪಿಸು

&nbsp;

ಮೇ 12

ಪಿಸು,

ಹಾಗೆ ಆಗಲು ಸಾಧ್ಯವೇ ಇಲ್ಲ. ಇಲ್ಲಿ ಇವತ್ತೂ ಓಡಿಸಿ ನೋಡಿದೆ, ಗಿಣಿಯ ಹಾಗೆ ಮಾತಾಡುತ್ತದೆ. ಸ್ಪೀಕರಿನ ತಂತಿ ಸಡಿಲವಾಗಿರುತ್ತದೆ. ಅದಲ್ಲದಿದ್ದರೆ ನೀನು ಕೀಲಿಮಣೆಯನ್ನು ಬೇರೆ ತೂತಿಗೆ ಹಾಕಿರುತ್ತೀಯ. ಇಲ್ಲವೇ ಸ್ವಿಚ್ ಹಾಕಿದ ತಕ್ಷಣ ಒತ್ತಿರುತ್ತೀಯ, ಕಾಯದೇ. ಅದೇ ಇರಬೇಕು. ಆತುರ ಮಾಡಬೇಡ. ತಂತಿ ಬಿಚ್ಚಿ ಮತ್ತೆ ಹಾಕು, ಸರಿಹೋಗುತ್ತದೆ.

ಅಮ್ಮನಿಗೆ ಬೇಜಾರು ಮಾಡಿಕೊಳ್ಳಬೇಡ ಅಂತ ಹೇಳು. ಛೆ. ನೋಡು, ಮತ್ತೆ.

ಆಫೀಸಿಗೆ ಓಡುತ್ತಿದ್ದೇನೆ,
ಗಡಿಬಿಡಿ

&nbsp;

ಮೇ 25

ಗಡಿಬಿಡಿ,

ತಂತಿ ಸಡಿಲವಿಲ್ಲ. ತೂತು ಒಂದೇ ಇದೆ. ಗಂಟೆ ಬಾರಿಸಿ, ದೀಪ ಹತ್ತಿ, ಡಬ್ಬಿಯ ಪುಟ್ಟ ತೆರೆ ಬೆಳಗಿದ ಮೇಲೆಯೇ ಒತ್ತಿದ್ದೇನೆ. ಒಂದು ದಿನವಲ್ಲ, ದಿನಾ. ಪ್ರತಿಸಲ ಗಂಟೆ ಸರಿ, ಮಾತು ಬರೀ ಸುಯ್. ಆತುರ ಮಾಡಬೇಡ ಅಂತ ಹೇಳುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ? ಮೂರು ಅನುಮಾನ ಎತ್ತಿ ಮೂರಕ್ಕೂ ನೀನೇ ಉತ್ತರ ಬರೆದಿದ್ದೀಯ. ನನ್ನ ಕಾಗದ ನಿನಗೆ ಯಾಕೆ ಬೇಕು ಹೇಳು!

ಹಳೆಯದನ್ನು ಕೆದಕಬೇಡ ಅಂದವಳು ನಾನೇ. ಈಗ ನಾನೇ ಕೆದಕುತ್ತೇನೆ.

ಆಪರೇಷನ್ ಆದ ಮೇಲೆ, ರಂಗಮಂದಿರದ ಬಣ್ಣದ ಕೋಣೆಯಲ್ಲಿ, ನಿರ್ದೇಶಕರು ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದರು. ಕೆನ್ನೆಯ ಬಣ್ಣ ಅರ್ಧ ಒರೆಸಿದ್ದರು. "ಪರದೆ ಪಕ್ಕ ಕೂತು ಇನ್ಮುಂದೆಯೂ ನಟರಿಗೆ ಸಾಲು ಕೊಡೋಕೆ ನಿಮಗೆ ಆಗುತ್ತಾ?" ಅಂತ ನನ್ನನ್ನು ಕೇಳಿದರು. ನನ್ನನ್ನು. ನಾನು ಮಷೀನಿನ ಮುಚ್ಚಳ ತೆಗೆದು ಟೈಪ್ ಮಾಡಲು ಶುರು ಮಾಡಿದೆ. ಮೊದಲ ಅಕ್ಷರ ಒತ್ತಿದ್ದೆ ಅಷ್ಟೇ, ನೀನು ಹೇಳಿಬಿಟ್ಟೆ: "ಎಲ್ಲಿ ಆಗುತ್ತೆ ಸಾರ್, ಪಾಪ, ಸುಸ್ತಾಗ್ತಾಳೆ. ಕೂತ್ಕೊಂಡು ಮಾಡೋ ಕೆಲಸ ಏನಾದ್ರೂ ಕೊಡಿ." ಅವರಿಗೂ ಸಮಾಧಾನವಾಯಿತು. ಮಾರನೇ ದಿನದಿಂದ ಉಡುಪಿನ ಕೋಣೆ, ಸೂಜಿ, ದಾರ.

ನಾನು ಟೈಪ್ ಮಾಡುತ್ತಿದ್ದದ್ದು "ಆಗುತ್ತೆ" ಅಂತ.

ಯೋಚನೆ ಮಾಡಿಟ್ಟಿದ್ದೆ. ಪ್ರಾಂಪ್ಟರಿಗೆ ಗಂಟಲೇ ಬೇಕು ಅಂತ ಇಲ್ಲ. ನಟ ಮರೆತಾಗ ಸಾಲಿನ ಮೊದಲ ಪದ ಸಿಕ್ಕಿದರೆ ಸಾಕು, ಉಳಿದದ್ದು ತಾನೇ ಬರುತ್ತದೆ. ಹಲಗೆಯ ಮೇಲೆ ಆ ಪದ ಬರೆದು ಎತ್ತಿ ಹಿಡಿದರೆ ಆಯಿತು. ನಿಜವಾದ ಕಷ್ಟ ಬೇರೆ ಇದೆ. ನಟ ಸುಮ್ಮನಾದಾಗ ಅವನು ಮರೆತಿದ್ದಾನೋ, ಬೇಕೆಂದೇ ನಿಲ್ಲಿಸಿದ್ದಾನೋ ತಿಳಿಯಬೇಕು. ಅವನು ಉಸಿರು ಎಳೆದುಕೊಳ್ಳುತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಕಣ್ಣು ನನ್ನ ಕಡೆ ತಿರುಗಿದರೆ ಮಾತ್ರ ಕೊಡಬೇಕು. ನಿನ್ನೆ ಅದೇ ಜಾಗದಲ್ಲಿ ಮರೆತಿದ್ದ ಅಂತ ಇವತ್ತೂ ಕೊಟ್ಟರೆ ಅವನ ದೃಶ್ಯ ಕೆಡುತ್ತದೆ. ದಿನಾ ಹೊಸದಾಗಿ ನೋಡಬೇಕು.

ನೀನು ಎರಡು ವರ್ಷ ನನ್ನ ಸಾಲುಗಳನ್ನೆಲ್ಲ ಹೇಳಿದೆ. ಡಾಕ್ಟರ ಹತ್ತಿರ, ಅಂಗಡಿಯಲ್ಲಿ, ಮನೆ ಒಡತಿಯ ಹತ್ತಿರ. "ತಾಳು" ಅನ್ನುವ ಕೀಲಿ ಇತ್ತು, ನೀನೇ ಇಟ್ಟದ್ದು. ಅದನ್ನು ಒತ್ತುವಷ್ಟರಲ್ಲಿ ನೀನು ಮುಗಿಸಿರುತ್ತಿದ್ದೆ. ಪ್ರೀತಿಯಿಂದಲೇ ಮಾಡಿದೆ, ಅದು ನನಗೆ ಗೊತ್ತು. ಆ ಮಷೀನನ್ನು ಎಲ್ಲ ಕಡೆ ಹೊತ್ತವಳೂ ನೀನೇ. ಅದಕ್ಕೇ ಬಾಯಿಬಿಟ್ಟು ಹೇಳಲಾಗದೆ, ಬೇರೆ ಮನೆ ನೋಡಿಕೋ ಅಂತ ಚೀಟಿ ಬರೆದಿಟ್ಟೆ. ಕಾರಣ ಬರೆಯಲಿಲ್ಲ. ಅದು ನನ್ನ ತಪ್ಪು.

ಡಬ್ಬಿ ಕಪಾಟಿನ ಮೇಲಿದೆ. ಅಮ್ಮ ದಿನಕ್ಕೊಂದು ಸಲ ಗಂಟೆ ಕೇಳಿಸು ಅನ್ನುತ್ತಾಳೆ. ಕೇಳಿಸಿ, ಮಾತು ಶುರುವಾಗುವ ಮುಂಚೆ ಆರಿಸುತ್ತೇನೆ.

— ಪಿಸು

&nbsp;

ಜೂನ್ 30

ಪಿಸು,

ತಡವಾಯಿತು. ಏನು ಬರೆದರೂ ನಿನ್ನ ಮಾತನ್ನು ಮತ್ತೆ ನಾನೇ ಮುಗಿಸಿದ ಹಾಗೆ ಕಾಣುತ್ತಿತ್ತು. ನಾಲ್ಕೈದು ಸಲ ಬರೆದು ಹರಿದೆ. ಕಾಗದವನ್ನು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಜೊತೆ ಇಟ್ಟುಕೊಂಡಿದ್ದೆ. ದಿನಾ ಕಣ್ಣಿಗೆ ಬೀಳಲಿ ಅಂತಲೇ.

ಹೋದ ವಾರ ಅದನ್ನು ನಿಧಾನವಾಗಿ ಓದಿದೆ. ನಿಧಾನವಾಗಿ ಓದುವುದು ನನಗೆ ಹೊಸದು. ಆಗ ಕಣ್ಣಿಗೆ ಬಿತ್ತು: ಗಂಟೆ. ಮೇ ತಿಂಗಳ ಮೊದಲ ಕಾಗದದಲ್ಲೂ ಇದೆ, ಎರಡನೆಯದರಲ್ಲೂ ಇದೆ. ನಾನು ತಲೆ ಕೆರೆದುಕೊಂಡೆ. ಹಳೆಯ ಮಷೀನಿಗೆ ಗಂಟೆ ಇತ್ತು, ಮರೆತೇಬಿಟ್ಟಿದ್ದೆ. ಇಷ್ಟು ತಿಂಗಳು ನಿನ್ನ ಮಷೀನನ್ನು ಓಡಿಸಿದ್ದೇನೆ, ಒಂದು ದಿನವೂ ಗಂಟೆ ಕೇಳಿಲ್ಲ!

ಯಾಕೆ ಕೇಳಿಲ್ಲ ಅಂದರೆ, ನಾನು ಅದನ್ನು ಒಂದು ಸಲವೂ ಮೊದಲಿನಿಂದ ಶುರು ಮಾಡಿಲ್ಲ, ಸ್ಪೀಕರ್ ಇಲ್ಲದೆ ಎಬ್ಬಿಸಿದ ಆ ಮೊದಲ ಸಲ ಬಿಟ್ಟರೆ. ಪ್ರತಿಸಲ ಉಳಿಸಿಟ್ಟುಕೊಂಡ ಜಾಗದಿಂದ, ಅದು ಎದ್ದು ಮುಖ ತೊಳೆದು ತಯಾರಾಗಿ ಕೂತಿರುವ ಹೊತ್ತಿನಿಂದ ಮುಂದುವರಿಸುತ್ತಿದ್ದೆ. ನೀನು ಮಾಡುವುದು ಸ್ವಿಚ್ಚಿನಿಂದ. ಅವತ್ತು ನಿನ್ನ ಹಾಗೆಯೇ ಸ್ವಿಚ್ ಆರಿಸಿ ಹಾಕಿದೆ. ಕೈ ಕಟ್ಟಿಕೊಂಡು ಕೂತೆ. ಟಿಣ್ ಟಿಣ್. ಆಮೇಲೆ ಸುಯ್.

ಆಗಿರುವುದು ಇಷ್ಟು. ನಿನ್ನ ಹಳೆಯ ಮಷೀನಿನ ಎಂಜಿನ್ನು ಎರಡೂ ಕ್ರಮದಲ್ಲಿ ಓಡಬಲ್ಲದು. ಎಚ್ಚರವಾಗುವಾಗ ಹಗುರದ ತುಂಡು ಮೊದಲು. ಗಂಟೆ ಬಾರಿಸುವುದು ಆಗಲೇ. ಮಾತಿನ ಪ್ರೋಗ್ರಾಮು ಕೆಲಸಕ್ಕೆ ಕೂತ ಮೇಲೆ ಮಗ್ಗುಲು ಬದಲಿಸಿ ಭಾರದ್ದು ಮೊದಲು ಅನ್ನುತ್ತದೆ. ನಾನು ಬರೆದ ಸಾಧನ "ನಿಮ್ಮದು ಯಾವ ಕಡೆಯಿಂದ?" ಅಂತ ಕೇಳುತ್ತಿತ್ತು, ಸುಳ್ಳಲ್ಲ. ಆದರೆ ಸ್ವಿಚ್ ಹಾಕಿದ ಕ್ಷಣದಲ್ಲಿ, ಅತಿಥಿ ಇನ್ನೂ ಕಣ್ಣುಜ್ಜುತ್ತಿರುವಾಗ, ಒಂದೇ ಒಂದು ಸಲ. ಆ ಉತ್ತರವನ್ನೇ ಕೊನೆಯವರೆಗೂ ಹಿಡಿದುಕೊಂಡಿತ್ತು. ನನ್ನ ಮೇಜಿನ ಮೇಲೆ ಅದು ಕೇಳುತ್ತಿದ್ದದ್ದು ತಯಾರಾಗಿ ಕೂತ ಅತಿಥಿಯನ್ನು, ಹಾಗಾಗಿ ಉತ್ತರ ಸರಿ ಸಿಗುತ್ತಿತ್ತು.

ಪಿಸು, ಆಸ್ಪತ್ರೆಯ ವಾರ್ಡಿನಲ್ಲಿ ನಿನ್ನ ಮೂಗಿಗೆ ಕೊಳವೆ ಹಾಕಿದ್ದಾಗ ನಾನು ಕೇಳಿದ್ದೆ. "ನಿನ್ ಪರವಾಗಿ ನಾನೇ ಮಾತಾಡ್ಲಾ?" ಅಂತ. ನೀನು ತಲೆಯಾಡಿಸಿದೆ. ಕೇಳದೇ ಮಾಡಿದವಳಲ್ಲ ನಾನು ಅಂತ ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟಿತ್ತು. ಕೇಳಿದ್ದೆ, ಒಪ್ಪಿದ್ದಳು, ಆಮೇಲೆ ಚೀಟಿ ಬರೆದು ಹೊರಗೆ ಹಾಕಿದಳು ಅಂತ ಅಕ್ಕನ ಹತ್ತಿರ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆ ಕೊಳವೆ ತೆಗೆದ ಮೇಲೆ ಮತ್ತೆ ಕೇಳಬೇಕಾಗಿತ್ತು ಅನ್ನುವುದು ಹೊಳೆಯಲೇ ಇಲ್ಲ.

ಸರಿಪಡಿಸಿದ್ದೇನೆ. ಈಗ ಸಾಧನ ಸ್ವಿಚ್ ಹಾಕಿದಾಗಿನ ಉತ್ತರವನ್ನು ನಂಬಿ ಕೂರುವುದಿಲ್ಲ. ಅತಿಥಿ ಪ್ರತಿಸಲ ಹೊಸದಾಗಿ ಬಾಗಿಲು ತಟ್ಟಿದಾಗ ಮತ್ತೆ ಕೇಳುತ್ತದೆ. ಗಂಟೆ ಬಾರಿಸಲು ಒಮ್ಮೆ ತಟ್ಟುತ್ತದೆ, ಆಗ ಒಂದು ಉತ್ತರ. ಮಾತಿಗೆ ತಟ್ಟುತ್ತದೆ, ಆಗ ಇನ್ನೊಂದು. ಈ ಸಲ ಮೊದಲಿನಿಂದ, ಸ್ವಿಚ್ಚಿನಿಂದ, ಗಂಟೆಯಿಂದ ಕೇಳಿ ನೋಡಿದ್ದೇನೆ, ಕಾದು ಕೂತು. ಜೊತೆಗಿರುವ ಉಗುರಿನಷ್ಟು ಕಾರ್ಡನ್ನು ಡಬ್ಬಿಯಲ್ಲಿರುವುದರ ಜಾಗಕ್ಕೆ ಹಾಕು.

ಒಂದು ಮಾತು ಕೇಳಬೇಕಾಗಿದೆ. ನಾನು ಒಮ್ಮೆ ಫೋನ್ ಮಾಡಲೇ? ಉತ್ತರವನ್ನು ನಾನು ಊಹಿಸುತ್ತಿಲ್ಲ.

— ಗಡಿಬಿಡಿ

&nbsp;

ಜುಲೈ 14

ಗಡಿಬಿಡಿ,

ಕಾರ್ಡ್ ಹಾಕಿ ಎರಡು ದಿನ ಸ್ವಿಚ್ ಮುಟ್ಟಲಿಲ್ಲ. ಧೈರ್ಯ ಬರಲಿಲ್ಲ. ಅಮ್ಮನಿಗೆ ಹೇಳಲೂ ಇಲ್ಲ, ತಲೆ ಬಾಚಲೂ ಇಲ್ಲ. ಗುರುವಾರ ಅವಳು ಮಲಗಿದ್ದಾಗ ಡಬ್ಬಿಯನ್ನು ಅಡುಗೆಮನೆಗೆ ಒಯ್ದು, ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಗಂಟೆ ಬಂತು. ಏನು ಒತ್ತುವುದು ಅಂತ ತೋಚದೆ, ಒಲೆಯ ಮೇಲಿದ್ದದ್ದನ್ನು ನೋಡಿ "ಹಾಲು ಉಕ್ಕುತ್ತಿದೆ" ಅಂತ ಒತ್ತಿದೆ.

ಹಾಲು ಉಕ್ಕುತ್ತಿದೆ ಅಂತು. ನನ್ನ ದನಿಯಲ್ಲಿ, ಕೋಟಿನ ಗುಂಡಿಯ ಟಿಕ್ ಸಮೇತ. ನಾನು ನೋಡುತ್ತಾ ನಿಂತೆ. ಹಾಲು ನಿಜವಾಗಿಯೂ ಉಕ್ಕಿ ಒಲೆಯೆಲ್ಲ ಹರಿಯಿತು.

ಒಳಗಿನಿಂದ ಅಮ್ಮ, "ಗೊತ್ತಿದ್ದೂ ಆರಿಸ್ದೆ ಯಾರಿಗೆ ಹೇಳ್ತಿದ್ದೀಯೇ?" ಅಂತ ಕೂಗಿದಳು. ಆಮೇಲೆ ಗೋಡೆ ಹಿಡಿದುಕೊಂಡು ನಡೆದು ಬರುವ ಸದ್ದು ಕೇಳಿಸಿತು. ನೀನು ಹೇಳಿದ್ದು ತಪ್ಪು. ಅವಳು ಅಳಲಿಲ್ಲ, ಅಷ್ಟು ದಿನ ಕೂಡಿಟ್ಟುಕೊಂಡಿದ್ದನ್ನೆಲ್ಲ ಬೈದಳು. ನಾನೂ ತಿರುಗಿ ಬೈದೆ. ರಾತ್ರಿಯ ಊಟದವರೆಗೆ ಜಗಳವಾಡಿದೆವು. ನನ್ನ ಬೆರಳು ನೋಯುತ್ತಿದೆ, ಅಷ್ಟು ಸುಖವಾಗಿತ್ತು.

ನಿನ್ನ ಪ್ರಶ್ನೆಗೆ ಉತ್ತರ: ಮಾಡು. ಭಾನುವಾರ ಸಂಜೆ. ಸೂಜಿ ಹಿಡಿದು ಹಿಡಿದು ನನ್ನ ಬೆರಳು ಮೊದಲಿನಷ್ಟು ಬೇಗ ಓಡುವುದಿಲ್ಲ ಅಂತ ಈಗಲೇ ಹೇಳಿರುತ್ತೇನೆ.

ಆಸ್ಪತ್ರೆಯಲ್ಲಿ ತಲೆಯಾಡಿಸಿದ್ದು ನನಗೆ ನೆನಪೇ ಇಲ್ಲ. ಆದರೆ ಆಡಿಸಿರುತ್ತೇನೆ. ಅವತ್ತು ನೀನು ಮಾತಾಡದಿದ್ದರೆ ನನಗೆ ಯಾರೂ ನೀರು ಕೂಡ ಕೊಡುತ್ತಿರಲಿಲ್ಲ.

— ಪಿಸು

&nbsp;

ಜುಲೈ 22

ಗಡಿಬಿಡಿ,

ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುವುದಿಲ್ಲ. ನೀನು ಇಟ್ಟ ಮೇಲೆ ಆದದ್ದನ್ನು ಬರೆಯುತ್ತೇನೆ.

"ಪರದೆ ಪಕ್ಕ ಮತ್ತೆ ಕೂರ್ಬೇಕು ಅಂತ ಅನ್ಸುತ್ತಾ? ಆಗುತ್ತಾ ನಿನಗೆ?" ಅಂತ ಕೇಳಿದೆಯಲ್ಲ, ಆಗ ನಾನು ಮೊದಲು ಉದ್ದವಾಗಿ ಟೈಪ್ ಮಾಡಿದ್ದೆ. ವಯಸ್ಸಾಯಿತು, ನಿರ್ದೇಶಕರು ಬೇರೆಯವರನ್ನು ಇಟ್ಟುಕೊಂಡಿದ್ದಾರೆ, ಉಡುಪಿನ ಕೋಣೆ ಈಗ ನನಗೂ ಒಗ್ಗಿದೆ, ಹೀಗೆ. ಎಲ್ಲ ಅಳಿಸಿದೆ. ಮತ್ತೆ ಬರೆದೆ. ಅದನ್ನೂ ಅಳಿಸಿದೆ. ನೀನು ಕೆಮ್ಮಲೂ ಇಲ್ಲ, ಹಲೋ ಅನ್ನಲೂ ಇಲ್ಲ. ನೀನು ತುಟಿ ಕಚ್ಚಿಕೊಂಡಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅಷ್ಟು ಹೊತ್ತಾದ ಮೇಲೆ ನೀನು ಕೇಳಿಸಿಕೊಂಡೆಯಲ್ಲ, "ಆಗುತ್ತೆ" ಅಂತ, ಅದು ಉಳಿದದ್ದು. ನಾಳೆ ನಿರ್ದೇಶಕರ ಹತ್ತಿರ ಡಬ್ಬಿ ಹಿಡಿದುಕೊಂಡು ಹೋಗುತ್ತೇನೆ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ನಾನು ಹೇಳುವುದನ್ನಂತೂ ಹೇಳಿ ಮುಗಿಸುತ್ತೇನೆ.

ನೀನು ಇಟ್ಟ ಮೇಲೆ, ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಮಂಚದಿಂದ ಕೇಳಿದಳು: "ಮಧ್ಯೆ ಮಧ್ಯೆ ಅಷ್ಟ್ ಹೊತ್ತು ಆ ಕಡೆಯಿಂದ ಸದ್ದೇ ಇರ್ಲಿಲ್ವಲ್ಲೇ. ಲೈನ್ ಕಟ್ಟಾಗಿತ್ತಾ?"

ಇಲ್ಲ ಅಂತ ಎರಡು ತಟ್ಟಿದರೆ ಸಾಕಾಗಿತ್ತು. ಆದರೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ನನ್ನ ದನಿಯಲ್ಲೇ ಹೇಳಿದೆ: "ಇಲ್ಲಮ್ಮ, ಲೈನಲ್ಲೇ ಇದ್ಲು. ಕಾಯ್ತಿದ್ಲು."

— ಪಿಸು